ಏರಿದಲ್ಲೇ ಇಳಿಯುವ ಪೈಲಟ್

ಕೆಲವು ನೌಕರಿಗಳನ್ನು ಮಾಡುವುದು ಸುಲಭ, ಮದುವೆಯ ಪಂಕ್ತಿಯಲ್ಲಿ ಕುಳಿತು ವಿವರಿಸುವುದು ಕಷ್ಟ. ನನ್ನದು ಆ ಜಾತಿಯ ನೌಕರಿ. ಬೀಗರ ಪೈಕಿ ಯಾರೋ ಹಿರಿಯರು ಬಾಜೂಕ್ಕೆ ಕುಳಿತಿರುತ್ತಾರೆ. ಸಿಹಿ ಮಾದಲಿಗೆ ತುಪ್ಪ ಕಲಸುತ್ತ, ಹೊತ್ತು ಹೋಗಲೆಂದು, "ತಾವೇನ್ ಮಾಡ್ತೀರ್ರಿ?" ಎನ್ನುತ್ತಾರೆ. "ಪೈಲಟ್ ಅದೀನ್ರಿ" ಎನ್ನುತ್ತೇನೆ. ಕಲಸುವ ಕೈ ನಿಲ್ಲುತ್ತದೆ. ಬಡಿಸುವವನನ್ನು ಕೂಗಿ ಕರೆದು ನನ್ನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿಸುತ್ತಾರೆ. ಆಮೇಲೆ ಪಾಪ, ಸಹಜವಾಗಿಯೇ ಮುಂದಿನ ಪ್ರಶ್ನೆ ಕೇಳುತ್ತಾರೆ: "ಯಾವ ಊರಿಗೆ ಹಾರಸ್ತೀರ್ರಿ? ದಿಲ್ಲಿಗೋ, ದುಬೈಗೋ?"

ನನ್ನ ಇಳಿತ ಶುರುವಾಗುವುದು ಇಲ್ಲಿಂದ. "ಯಾವ ಊರಿಗೂ ಇಲ್ರಿ. ಮ್ಯಾಲೆ ಹೋಗ್ತೀವಿ, ಒಂದು ಸುತ್ತು ಹಾಕ್ತೀವಿ, ಹೊಳ್ಳಿ ಅಲ್ಲೇ ಇಳೀತೀವ್ರಿ."

"ಮತ್ತ?"

"ಮತ್ತ ಮ್ಯಾಲೆ ಹೋಗ್ತೀವ್ರಿ."

ಹಿರಿಯರು ನನ್ನ ಮುಖವನ್ನೊಮ್ಮೆ, ನನ್ನ ಎಲೆಯ ಮೇಲಿನ ಹೆಚ್ಚುವರಿ ತುಪ್ಪವನ್ನೊಮ್ಮೆ ನೋಡಿ, ಆ ಕಡೆ ಕುಳಿತವರೊಂದಿಗೆ ಹತ್ತಿಯ ದರದ ಬಗ್ಗೆ ಮಾತು ಶುರುಮಾಡುತ್ತಾರೆ.

ನಾನು ವಿಮಾನ ಹಾರಿಸುವುದನ್ನು ಕಲಿಸುವ ಮಾಸ್ತರ. ಪಕ್ಕದ ರಾಜ್ಯದ ಒಂದು ಊರಿನ ಹೊರಗೆ, ಬಯಲಿನಲ್ಲಿ, ನಮ್ಮ ಶಾಲೆ ಇದೆ. ನಮ್ಮ ವಿಮಾನದ ಒಳಗೆ ಟೆಂಪೋದ ಮುಂಭಾಗದಷ್ಟು ಜಾಗ. ಮೂಗಿನ ಮೇಲೆ ಒಂದೇ ಫ್ಯಾನು. ಎಡಕ್ಕೆ ಶಿಷ್ಯ, ಬಲಕ್ಕೆ ನಾನು, ಮೊಣಕೈಗೆ ಮೊಣಕೈ ತಗಲುವಂತೆ ಕೂರುತ್ತೇವೆ. ಶಿಷ್ಯ ತಪ್ಪು ಮಾಡುತ್ತಾನೆ, ನಾನು ಬೆವರುತ್ತೇನೆ. ರಜೆ ಸಿಕ್ಕಾಗ ಊರಿಗೆ, ಅಂದರೆ ಕಲಘಟಗಿ ತಾಲೂಕಿನ ಮಿಶ್ರಿಕೋಟಿಗೆ, ಬರುತ್ತೇನೆ. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಬಸ್ಸು. ಕಂಡಕ್ಟರಿಗೆ ನನ್ನ ಪರಿಚಯವಿದೆ. "ಪೈಲಟ್ ಸಾಹೇಬ್ರ, ಸ್ವಲ್ಪ ಒಳಗ ಸರೀರ್ರಿ, ಬಾಗಲದಾಗ ನಿಂದರಬ್ಯಾಡ್ರಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಮರ್ಯಾದೆ ಕೊಡುತ್ತಾನೆ. ಬಸ್ಸಿನಲ್ಲಿ ಜೋತುಬಿದ್ದು ಬರುವ ಪೈಲಟ್ ನಮ್ಮ ಭಾಗದಲ್ಲಿ ನಾನೊಬ್ಬನೇ ಇರಬೇಕು.

ಊರಿನಲ್ಲಿ ಅವ್ವ ಇದ್ದಾಳೆ. ಹೆಂಡತಿ ಸುವರ್ಣಾ ಇದ್ದಾಳೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಈ ಕಥೆಯಲ್ಲಿ ಬರುವುದಿಲ್ಲ. ಬಂದಿದ್ದರೆ ನನ್ನ ಮಾನ ಇನ್ನಷ್ಟು ಹೋಗುತ್ತಿತ್ತು.

ಈ ನೌಕರಿಗೆ ನಾನು ಬಂದದ್ದು ಉಳಿಯಲೆಂದಲ್ಲ. ನಮ್ಮಲ್ಲಿ ಹೊಸದಾಗಿ ಲೈಸೆನ್ಸು ಪಡೆದವರು ಸ್ವಲ್ಪ ಕಾಲ ಕಲಿಸುವ ಕೆಲಸ ಮಾಡಿ, ಆಕಾಶದಲ್ಲಿ ಕಳೆದ ತಾಸುಗಳನ್ನು ಬೆಳೆಸಿಕೊಂಡು, ಆಮೇಲೆ ದೊಡ್ಡ ಕಂಪನಿಗಳ ದೊಡ್ಡ ವಿಮಾನಗಳಿಗೆ ಹೋಗುತ್ತಾರೆ. ಅದೊಂದು ಮೆಟ್ಟಿಲು. ನನ್ನ ಜೊತೆಗಾರರೆಲ್ಲ ಅದರ ಮೇಲೆ ಕಾಲಿಟ್ಟು ಮೇಲೆ ಹೋದರು. ನಾನು ಅಲ್ಲಿಯೇ ನಿಂತು ಆಚೀಚೆ ನೋಡುತ್ತಿದ್ದೆ. ನೋಡನೋಡುತ್ತ ನಾನೇ ಮೆಟ್ಟಿಲಾಗಿಬಿಟ್ಟೆ. ನನ್ನ ಮೇಲೆ ಕಾಲಿಟ್ಟು ಹೋದ ಹುಡುಗ ಹುಡುಗಿಯರು ಇವತ್ತು ಎಲ್ಲೆಲ್ಲಿಂದಲೋ ಫೋಟೋ ಕಳಿಸುತ್ತಾರೆ, ಹಿಂದೆ ಹಿಮದ ಬೆಟ್ಟ, ಹೆಗಲ ಮೇಲೆ ಬಂಗಾರದ ಪಟ್ಟಿ. ನಾನು ತಿರುಗಿ ಹೆಬ್ಬೆರಳಿನ ಚಿತ್ರ ಕಳಿಸುತ್ತೇನೆ.

ಯಾಕೆ ಉಳಿದೆ ಎಂದು ಕೇಳಿದರೆ ನನ್ನ ಬಳಿ ಗಟ್ಟಿಯಾದ ಕಾರಣವಿಲ್ಲ. ಹೊಸ ಶಿಷ್ಯ ವಿಮಾನದ ಹಿಡಿಕೆಯನ್ನು ಓಡಿಹೋಗುವ ಎಮ್ಮೆಯ ಕೋಡು ಹಿಡಿದಂತೆ ಹಿಡಿಯುತ್ತಾನೆ. ಬೆರಳುಗಳು ಬೆಳ್ಳಗಾಗಿರುತ್ತವೆ. ಎಷ್ಟು ಹೇಳಿದರೂ ಸಡಿಲ ಬಿಡುವುದಿಲ್ಲ. ಹೀಗೇ ವಾರಗಟ್ಟಲೆ ನಡೆಯುತ್ತದೆ. ಆಮೇಲೆ ಯಾವುದೋ ಒಂದು ಮುಂಜಾನೆ, ಯಾರೂ ಹೇಳದೆಯೇ, ಆ ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ವಿಮಾನ ನೀರಿನ ಮೇಲೆ ಎಲೆ ತೇಲಿದಂತೆ ತೇಲತೊಡಗುತ್ತದೆ. ಶಿಷ್ಯನಿಗೆ ಅದು ಗೊತ್ತೇ ಆಗಿರುವುದಿಲ್ಲ. ಗೊತ್ತಾಗುವುದು ಬಲಗಡೆ ಕುಳಿತವನಿಗೆ ಮಾತ್ರ. ಆ ಹೊತ್ತು ನನ್ನ ಹೊಟ್ಟೆಯೊಳಗೆ ಆಗುವ ಖುಷಿ ಬೇರೆಲ್ಲೂ ಆಗಿಲ್ಲ. ಆದರೆ ಇಂಥದ್ದನ್ನು ಮಾದಲಿ ಕಲಸುತ್ತಿರುವವರ ಮುಂದೆ ಹೇಗೆ ಹೇಳುವುದು?

ಅದರಲ್ಲಿಯೂ ನಮ್ಮ ಮಾವನವರ ಮುಂದೆ ಹೇಳುವುದು ಸಾಧ್ಯವೇ ಇಲ್ಲ. ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಕಲಘಟಗಿಯಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಕಲಘಟಗಿಗೆ ಜೀವಮಾನವಿಡೀ ಓಡಾಡಿದವರು. ಗಾಡಿ ಎಂದರೆ ಅದರ ಹಣೆಯ ಮೇಲೆ ಊರಿನ ಹೆಸರಿನ ಬೋರ್ಡು ಇರಬೇಕು ಎಂಬುದು ಅವರ ಸಿದ್ಧಾಂತ. ಮದುವೆಯಾದ ಹೊಸದರಲ್ಲಿ ಕೇಳಿದ್ದರು. "ಅಳಿಯಾರ, ನಿಮ್ಮದು ರೂಟ್ ಯಾವುದು?"

"ರೂಟ್ ಇಲ್ರಿ ಮಾವಾರ."

"ರೂಟ್ ಇಲ್ದ ಗಾಡಿ ಅಂದ್ರ ಒಂದ ರೀ. ಮುಂದ 'ಎಲ್' ಅಂತ ಕೆಂಪಕ್ಷರ ಬರದಿರ್ತಾರಲ್ಲ, ಅಗದಿ ಸಾವಕಾಶ ಹೊಂಟಿರ್ತೈತಿ, ಎಲ್ಲಾರೂ ಹಾರನ್ ಹೊಡೀತಿರ್ತಾರ, ಅದು."

"ಅದ ರೀ ಮಾವಾರ. ಅದ ನಂದು."

ಅವರು ತಮಾಷೆಗೆಂದು ಹೇಳಿದ್ದರು. ನಾನು ಒಪ್ಪಿಕೊಂಡುಬಿಡುತ್ತೇನೆಂದು ಅವರಿಗೆ ಅನಿಸಿರಲಿಲ್ಲ. ಪೈಲಟ್ ವರ ಎಂಬ ಒಂದೇ ಮಾತಿನ ಮೇಲೆ ಮಗಳನ್ನು ಕೊಟ್ಟ ಮನುಷ್ಯ ಅವತ್ತು ಬಹಳ ಹೊತ್ತು ಅಂಗಳದಲ್ಲಿ ಒಬ್ಬರೇ ಕುಳಿತಿದ್ದರು.

ಹೀಗೆ ನಡೆದಿರುವಾಗ ಹೋದ ವರ್ಷ ಒಂದು ವಿಮಾನ ಕಂಪನಿ ಪೈಲಟ್‌ಗಳು ಬೇಕೆಂದು ಪ್ರಕಟಣೆ ಹೊರಡಿಸಿತು. ನಾನು ನೋಡಿದ್ದೆ, ನೋಡಿ ಸುಮ್ಮನಿದ್ದೆ. ಸುವರ್ಣಾಳೂ ನೋಡಿದಳು. ಆಕೆ ಸುಮ್ಮನಿರಲಿಲ್ಲ. ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆಯೇ ಹೇಳಿದಳು. "ಇದು ಕಡೀ ಸಲ ಅಂತ ತಿಳೀರಿ. ಇನ್ನೊಂದು ವರ್ಷ ಆದ್ರ ವಯಸ್ಸು ದಾಟತೈತಿ, ನಿಮ್ಮನ್ನ ಯಾರೂ ಕರಿಯೂದಿಲ್ಲ."

"ಈಗಾದ್ರೂ ಯಾರು ಕರದಾರ?"

"ಅರ್ಜಿ ಹಾಕಿದ್ರ ಕರೀತಾರ. ಒಂದು ಮಾತು ಖರೇ ಹೇಳ್ರಿ. ಒಂದು ದಿನಾನೂ ನಿಮಗ ದೊಡ್ಡ ವಿಮಾನ ಹಾರಸಬೇಕು ಅಂತ ಅನಿಸಿಲ್ಲೇನು?"

ಅನಿಸದೆ ಏನು? ಹುಬ್ಬಳ್ಳಿಗೆ ಬರುವ ವಿಮಾನಗಳು ಸಂಜೆಯ ಹೊತ್ತು ನಮ್ಮ ಭತ್ತದ ಗದ್ದೆಗಳ ಆಚೆ, ದೀಪ ಹಚ್ಚಿಕೊಂಡು ಕೆಳಗಿಳಿಯುವುದು ಮಾಳಿಗೆಯ ಮೇಲಿನಿಂದ ಕಾಣುತ್ತದೆ. ಊರಿಗೆ ಬಂದಾಗಲೆಲ್ಲ ನಾನು ಒಣಗಿದ ಬಟ್ಟೆ ತರುವ ನೆವದಲ್ಲಿ ಮಾಳಿಗೆಗೆ ಹೋಗಿ ನಿಲ್ಲುತ್ತೇನೆ. ಇಡೀ ಓಣಿಯಲ್ಲಿ ಹೆಂಡತಿಯ ಬಟ್ಟೆಗಳ ಬಗ್ಗೆ ಇಷ್ಟು ಕಾಳಜಿಯ ಗಂಡಸು ಇನ್ನೊಬ್ಬನಿಲ್ಲ ಎಂದು ನನಗೆ ಒಳ್ಳೆಯ ಹೆಸರಿದೆ. ಸುವರ್ಣಾಳಿಗೆ ನಿಜ ಗೊತ್ತಿತ್ತು ಎಂದು ಅವತ್ತು ನನಗೆ ತಿಳಿಯಿತು. ಆಕೆಗೆ ದೊಡ್ಡ ಊರಿನ ಆಸೆ ಇರಲಿಲ್ಲ. ಆದರೆ ಇಷ್ಟು ವರ್ಷ ಗಂಡ ಒಂದು ಕಡೆ, ತಾನೊಂದು ಕಡೆ ಇದ್ದು ಸಾಕಾಗಿತ್ತು. ಕೆಲಸ ಸಿಕ್ಕರೆ ಅವ್ವನನ್ನೂ ಕರೆದುಕೊಂಡು ಎಲ್ಲರೂ ಒಂದೇ ಮನೆಯಲ್ಲಿ ಇರಬಹುದೆಂದು ಆಕೆ ಲೆಕ್ಕ ಹಾಕಿದ್ದಳು. ಗಣಿತದವಳ ಲೆಕ್ಕ, ತಪ್ಪು ಹುಡುಕುವುದು ಕಷ್ಟ. ಅರ್ಜಿ ಹಾಕಿದೆ. ಕರೆಯೂ ಬಂತು.

ಪರೀಕ್ಷೆ ನಡೆಯುವುದು ನಿಜವಾದ ವಿಮಾನದಲ್ಲಲ್ಲ. ಒಂದು ದೊಡ್ಡ ಕೋಣೆಯಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ ಯಂತ್ರವೊಂದಿರುತ್ತದೆ. ಒಳಗೆ ಹೊಕ್ಕರೆ ಥೇಟ್ ವಿಮಾನದ ಮುಂಭಾಗ. ಅದು ಅಲುಗಾಡುತ್ತದೆ, ಸದ್ದು ಮಾಡುತ್ತದೆ, ಗಾಜಿನ ಹೊರಗೆ ಆಕಾಶ ಕಾಣುತ್ತದೆ, ಆದರೆ ನೆಲ ಬಿಟ್ಟು ಏಳುವುದಿಲ್ಲ. ಅದರೊಳಗಿನ ನೂರಾರು ಗುಂಡಿಗಳ ಜಾಗ ರೂಢಿಯಾಗಲೆಂದು, ಅವುಗಳ ಚಿತ್ರವಿರುವ ಹಾಳೆಗಳನ್ನು ತಂದು ನಮ್ಮ ಪಡಸಾಲೆಯ ಗೋಡೆಗೆ ಅಂಟಿಸಿದೆ. ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಸುವರ್ಣಾ. ಆಕೆ ಪುಸ್ತಕ ಹಿಡಿದು ಒಂದೊಂದೇ ಹೆಸರು ಓದುವುದು, ನಾನು ಗೋಡೆಯ ಮೇಲೆ ಆ ಗುಂಡಿಯನ್ನು ಒತ್ತುವುದು.

ಮೊದಲ ದಿನವೇ ಮಾವನವರು ಕಲಘಟಗಿಯಿಂದ ಬಂದಿಳಿದರು. ಇನ್ನೊಂದು ಕುರ್ಚಿ ಎಳೆದುಕೊಂಡು ನಮ್ಮ ಹಿಂದೆ ಕುಳಿತು ಗೋಡೆಯನ್ನು ಬಹಳ ಹೊತ್ತು ಪರೀಕ್ಷಿಸಿದರು. "ಹಾರನ್ ಎಲ್ಲೈತ್ರಿ ಅಳಿಯಾರ?"

"ಹಾರನ್ ಇಲ್ರಿ."

"ಹಾರನ್ ಇಲ್ಲ? ಮತ್ತ ಯಾರರ ಅಡ್ಡ ಬಂದ್ರ?"

"ಅಡ್ಡ ಬರೂದಿಲ್ರಿ ಮಾವಾರ. ಕೆಳಗ ಕುಂತವರು ರೇಡಿಯೋದಾಗ ಹೇಳ್ತಿರ್ತಾರ."

"ಅಂದ್ರ ಅವ್ರು ಹೇಳಿದಂಗ ಹೊಡೀಬೇಕು. ನಮ್ಮ ಡಿಪೋ ಮ್ಯಾನೇಜರಗ ಈ ಸುದ್ದಿ ಗೊತ್ತಾಗಬಾರದು." ಅಷ್ಟು ಹೇಳಿ ಅವರು ಕಣ್ಣು ಮುಚ್ಚಿದರು. ನಾವು ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ಪ್ರಯಾಣಿಕರಾಗಿ ಅವರಲ್ಲಿ ಯಾವ ದೋಷವೂ ಇರಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈರಣ್ಣಾ, ಚಹಾ ಈಗ ಕುಡೀತೀಯೋ, ಇಳದಮ್ಯಾಲೆ ಕುಡೀತೀಯೋ?" ಎಂದು ಕೇಳುವಳು. ಬಾಜೂ ಮನೆಯವರು ಕಿಟಕಿಯಲ್ಲಿ ಇಣುಕುವರು. ಇವೆಲ್ಲದರ ನಡುವೆ ಸುವರ್ಣಾ ಒಂದು ವಿಷಯ ಗಮನಿಸಿದಳು. ಆಕೆ ಹೆಸರು ಓದಿದ ಕೂಡಲೇ ನಾನು ಗುಂಡಿ ಒತ್ತುವುದನ್ನು ಬಿಟ್ಟು, ಅದು ಯಾಕೆ ಇದೆ, ಒತ್ತದಿದ್ದರೆ ಏನಾಗುತ್ತದೆ ಎಂದು ಆಕೆಗೆ ವಿವರಿಸುತ್ತಿದ್ದೆ. "ಎಲ್ಲಿ, ನೀನ ಒಂದು ಸಲ ತೋರಸು ನೋಡೂಣು" ಎನ್ನುತ್ತಿದ್ದೆ. ಆಕೆ ಥಟ್ಟನೆ ತೋರಿಸುತ್ತಿದ್ದಳು. "ಶಾಬಾಸ್" ಎನ್ನುತ್ತಿದ್ದೆ. ಒಂದು ದಿನ ಆಕೆ ಪುಸ್ತಕ ಮಡಚಿ ನನ್ನ ತೊಡೆಯ ಮೇಲಿಟ್ಟಳು. "ಪರೀಕ್ಷಾ ಯಾರದು ರೀ? ನಂದೋ, ನಿಮ್ಮದೋ?"

"ನಂದ."

"ಹಂಗಾದ್ರ ನನಗ ಕಲಸೂದು ಬಿಟ್ಟು ನೀವು ಕಲೀರಿ."

ಆ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಆ ದೊಡ್ಡ ಊರಿನ ದೊಡ್ಡ ಕಟ್ಟಡಕ್ಕೆ ಹೋದೆ. ನನ್ನ ಜೋಡಿಗೆ ಹಾಕಿದ್ದ ಇನ್ನೊಬ್ಬ ಅಭ್ಯರ್ಥಿ ರೋಹನ್ ಎಂಬ ಉತ್ತರದ ಕಡೆಯ ಹುಡುಗ. ನನ್ನ ಅರ್ಧ ವಯಸ್ಸು. ಅವನ ಸರದಿಯಲ್ಲಿ ನಾನು ಅವನಿಗೆ ನೆರವು ಕೊಡಬೇಕು, ನನ್ನ ಸರದಿಯಲ್ಲಿ ಅವನು ನನಗೆ. ಹುಡುಗ ಹೆದರಿ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತಿದ್ದ, ನೀರು ಕುಡಿಯುತ್ತಿರಲಿಲ್ಲ.

ಪರೀಕ್ಷಕರ ಕೋಣೆಯ ಬಾಗಿಲು ತೆರೆದು ಒಳಗೆ ಹೋದರೆ ಎದುರಿಗೆ ಕುಳಿತವಳು ಶಬಾನಾ.

ಶಬಾನಾ ಅಣ್ಣಿಗೇರಿಯ ಹುಡುಗಿ. ತಂದೆಯದು ಅಲ್ಲಿ ಅರಿವೆ ಅಂಗಡಿ. ನನ್ನ ಹತ್ತಿರ ಕಲಿಯುವಾಗ ಮೊದಲ ಸಲ ಒಬ್ಬಳೇ ಹಾರಬೇಕಾದ ದಿನ ಗಳಗಳನೆ ಅತ್ತು, "ಸರ್, ನಾ ಊರಿಗೆ ಹೋಗಿ ಅಂಗಡ್ಯಾಗ ಕುಂದರ್ತೀನ್ರಿ" ಎಂದಿದ್ದಳು. ಈಗ ಹೆಗಲ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತಳು. ಪರೀಕ್ಷಕರು ಎದ್ದರೆಂದು ನಾನೂ ನಿಂತೇ ಇದ್ದೆ.

"ಕೂಡ್ರಿ ಸರ್."

"ಇಲ್ಲ ಇಲ್ಲ, ನೀವು ಕೂಡ್ರಿ ಮೇಡಂ."

"ಸರ್, ಮೇಡಂ ಅನಬ್ಯಾಡ್ರಿ, ನನಗ ಹೆಂಗೋ ಆಗತೈತಿ."

ಆಕೆಯ ಪಕ್ಕದಲ್ಲಿದ್ದ ಹಿರಿಯ ಪರೀಕ್ಷಕರು ಕನ್ನಡ ಬರದೆ ನಮ್ಮಿಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿದರು. ತಾನು ನನ್ನ ಶಿಷ್ಯೆ ಎಂದು ಶಬಾನಾ ಮೊದಲೇ ಅವರಿಗೆ ಹೇಳಿದ್ದಳು. ಅಂಕ ಕೊಡುವುದು ಅವರು, ಯಂತ್ರ ನಡೆಸುವುದು ಮಾತ್ರ ಆಕೆ ಎಂದು ಠರಾವಾಗಿತ್ತಂತೆ. ಕೊನೆಗೆ ಮೂವರೂ ಒಟ್ಟಿಗೆ ಕುಳಿತೆವು.

ರೋಹನನ ಸರದಿ ಮೊದಲು. ಹೇಗೋ ನಡೆಯಿತು, ಚೆನ್ನಾಗಿಯೇನೂ ನಡೆಯಲಿಲ್ಲ. ಆಮೇಲೆ ನನ್ನ ಸರದಿ. ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ದೊಡ್ಡ ವಿಮಾನದಲ್ಲಿ ಹೊಸಬರು ಕೂರುವುದು ಬಲಗಡೆಯ ಆಸನದಲ್ಲಿ. ನನ್ನ ಸಣ್ಣ ವಿಮಾನದಲ್ಲಿ ಮಾಸ್ತರ ಕೂರುವುದೂ ಬಲಗಡೆಯೇ. ಹೀಗಾಗಿ ನಾನು ಜೀವಮಾನವಿಡೀ ಕುಳಿತ ಜಾಗದಲ್ಲಿಯೇ ಹೋಗಿ ಕುಳಿತೆ. ಎಡಕ್ಕೆ ನೋಡಿದರೆ, ಜೀವಮಾನವಿಡೀ ನೋಡಿದ ದೃಶ್ಯ: ಬೆವರಿ ಬಿಳಿಚಿಕೊಂಡ ಒಬ್ಬ ಹುಡುಗ. ಬೆನ್ನು ಕುರ್ಚಿಗೆ ತಗಲಿದ ಕೂಡಲೇ ನಾನು ಪರೀಕ್ಷೆಗೆ ಬಂದವನೆಂಬುದು ನನ್ನ ತಲೆಯಿಂದ ಹಾರಿಹೋಯಿತು.

ಏರುವುದು ಸರಿಯಾಗಿಯೇ ಆಯಿತು. ಸ್ವಲ್ಪ ಮೇಲಕ್ಕೆ ಹೋಗುತ್ತಿದ್ದಂತೆ ಹಿಂದೆ ಕುಳಿತಿದ್ದ ಶಬಾನಾ ಯಾವುದೋ ಗುಂಡಿ ಒತ್ತಿದಳು. ಒಂದು ಎಂಜಿನ್ ನಿಂತಿತು. ಇದು ಪರೀಕ್ಷೆಯ ಭಾಗ, ಎಲ್ಲರಿಗೂ ಗೊತ್ತಿರುವುದೇ. ಯಂತ್ರ ಒಂದು ಕಡೆಗೆ ವಾಲಿತು, ಕೆಂಪು ದೀಪಗಳು ಹತ್ತಿದವು, ಗಂಟೆ ಬಾರಿಸತೊಡಗಿತು. ನಾನು ಸಮನಾಗಿ ಹಿಡಿದೆ. ಹಿಡಿದು ಎಡಕ್ಕೆ ತಿರುಗಿದರೆ ಆ ಹುಡುಗ ಉಸಿರಾಡುವುದನ್ನೇ ಮರೆತಿದ್ದ.

ನನ್ನ ಬಾಯಿ ತಾನಾಗಿಯೇ ತೆರೆಯಿತು. ಹಿಂದಿಯಲ್ಲಿ, ನಾನು ಶಿಷ್ಯರೊಂದಿಗೆ ಮಾತಾಡುವ ಸ್ವರದಲ್ಲಿ, ಮೊದಲು ಉಸಿರು ಬಿಡು ಎಂದೆ. ಗಂಟೆ ಬಾರಿಸಲಿ, ಅದರ ಕೆಲಸ ಅದು ಮಾಡುತ್ತದೆ, ನೀನು ಎದುರಿಗೆ ನೋಡು ಎಂದೆ. ಯಾವ ಕಡೆ ವಾಲುತ್ತಿದೆ ಎಂದು ಕೇಳಿದೆ. ಹೇಳಿದ. ಹಾಗಾದರೆ ಯಾವ ಕಾಲು ಒತ್ತಬೇಕು? ಅದನ್ನೂ ಹೇಳಿದ. ಶಾಬಾಸ್, ಈಗ ಹಿಡಿದುಕೊ, ಎಮ್ಮೆಯಲ್ಲ ಇದು, ಮೆತ್ತಗೆ ಹಿಡಿ, ವಿಮಾನ ಇನ್ನು ನಿನ್ನದು ಎಂದು ಹೇಳಿ ನನ್ನ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

ಹುಡುಗ ಹಿಡಿದ. ಮೊದಲು ವಿಮಾನ ಆಚೀಚೆ ತೂಗಾಡಿತು. ನಾನು ಪಕ್ಕದಿಂದ ಒಂದೊಂದೇ ಮಾತು ಹೇಳುತ್ತ ಹೋದೆ. ಸುತ್ತು ಹಾಕಿಸಿದೆ, ದಾರಿಗೆ ತಂದೆ. ಗಾಜಿನ ಹೊರಗೆ ರನ್‌ವೇ ಕಾಣಿಸಿಕೊಂಡಿತು. ಆ ಹೊತ್ತಿಗೆ ಅವನ ಬೆರಳುಗಳು ಸಡಿಲವಾಗಿದ್ದವು. ಒಂದೇ ಎಂಜಿನ್ನಿನ ಮೇಲೆ ಆ ಹುಡುಗ ಅಷ್ಟು ಹಗುರವಾಗಿ ಇಳಿಸಿದ ಎಂದರೆ ಕುರ್ಚಿಗೂ ಗೊತ್ತಾಗಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಅವನ ಬೆನ್ನು ತಟ್ಟಿ, ಹಿಂದಕ್ಕೆ ತಿರುಗಿ, ಹೆಮ್ಮೆಯಿಂದ ಶಬಾನಾಳಿಗೆ ಹೇಳಿದೆ. "ನೋಡಿದಿ? ಎಷ್ಟ್ ಛಲೋ ಇಳಿಸಿದ!"

ಶಬಾನಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳ ಸಂದಿಯಿಂದ ಮಾತು ಬಂತು. "ಸರ್, ಇಳಿಸಬೇಕಾದವ್ರು ನೀವಿದ್ರಿ."

ಹಿರಿಯ ಪರೀಕ್ಷಕರು ದಯಾವಂತರು. ಇನ್ನೊಂದು ಅವಕಾಶ ಕೊಟ್ಟರು. ಎರಡನೆಯ ಸಲ ನಾನೇ ಹಾರಿಸಿದೆ, ನಾನೇ ಇಳಿಸಿದೆ. ಆದರೆ ಏರಿದಾಗಿನಿಂದ ಇಳಿಯುವವರೆಗೆ ಈಗ ಇದನ್ನು ಯಾಕೆ ಮಾಡುತ್ತಿದ್ದೇನೆ, ನೀನಾದರೆ ಏನು ಮಾಡುತ್ತಿದ್ದೆ ಎಂದು ರೋಹನನಿಗೆ ಹೇಳುತ್ತಲೇ ಇದ್ದೆನಂತೆ. ನನಗೆ ಗೊತ್ತಿಲ್ಲ. ಆಮೇಲೆ ಅವರು ಹೇಳಿದರು. ಸಂಜೆ ಫಲಿತಾಂಶ ಬಂತು. ರೋಹನನಿಗೆ ಕೆಲಸ ಸಿಕ್ಕಿತ್ತು. ಒತ್ತಡದಲ್ಲಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಅವನ ಬಗ್ಗೆ ವಿಶೇಷವಾಗಿ ಮೆಚ್ಚಿಕೊಂಡಿದ್ದರು. ನನಗೆ ಸಿಕ್ಕಿರಲಿಲ್ಲ. ಕಾಕ್‌ಪಿಟ್ಟಿನಲ್ಲಿ ತನ್ನ ಪಾತ್ರ ಯಾವುದೆಂಬುದರ ಬಗ್ಗೆ ಅಭ್ಯರ್ಥಿಗೆ ಸ್ಪಷ್ಟತೆ ಇಲ್ಲ ಎಂಬುದು ಅವರ ಅಭಿಪ್ರಾಯ. ಸುವರ್ಣಾ ಮನೆಯಲ್ಲಿ ಇದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತಾಳೆ.

ಹೊರಡುವಾಗ ಶಬಾನಾ ಗೇಟಿನವರೆಗೆ ಬಂದಳು. "ಸರ್, ನಮ್ಮ ಟ್ರೇನಿಂಗ್ ಸೆಂಟರಿನ್ಯಾಗ ಪಾಠ ಮಾಡೋರು ಬೇಕಾಗ್ಯಾರ್ರಿ. ನಮ್ಮ ಸಾಹೇಬ್ರು ಅವಾಗ್ಲೇ ನಿಮ್ಮ ಹೆಸರು ಬರಕೊಂಡಾರ. ಹಾರೂದೇನಿಲ್ರಿ, ಕ್ಲಾಸ್ ರೂಮು. ಗೋಡಿ ಮ್ಯಾಲೆ ಗುಂಡಿ ಇರ್ತಾವ, ಅವುನ್ನ ತೋರಿಸಿ ಕಲಸೂದು. ಇಲ್ಲೇ ಮನಿ ಮಾಡಬಹುದು. ವಿಚಾರ ಮಾಡ್ರಿ ಸರ್."

ಊರಿಗೆ ಬಂದು ನಡೆದದ್ದನ್ನು ನಡೆದಂತೆ ಹೇಳಿದೆ. ಅವ್ವ ಎಲ್ಲವನ್ನೂ ಕೇಳಿ, "ಆ ಹುಡುಗಗ ನೌಕರಿ ಸಿಕ್ತಿಲ್ಲೋ?" ಎಂದಳು. ಸಿಕ್ಕಿತು ಎಂದೆ. "ಪುಣ್ಯಾ ಬಂತು ಬಿಡು" ಎಂದು ಒಳಗೆ ಹೋದಳು. ಮಾವನವರಿಗೆ ಸೋತದ್ದಕ್ಕಿಂತ ಹೊಸ ಕೆಲಸದ ಸ್ವರೂಪ ಕೇಳಿ ಬೇಜಾರಾಯಿತು. "ಅಳಿಯಾರ, ಇಷ್ಟ್ ದಿನ ಮ್ಯಾಲಾದ್ರೂ ಹೋಗ್ತಿದ್ರಿ. ಇದು ಅಗದಿ ಡಿಪೋದಾಗಿನ ಡ್ಯೂಟಿ ಆತಲ್ರಿ. ಬೆನ್ನುನೋವು ಇದ್ದವರಿಗೆ ಕೊಡ್ತಾರಿದನ್ನ." ಸುವರ್ಣಾ ಗೋಡೆಯ ಹಾಳೆಗಳನ್ನು ಒಂದೊಂದಾಗಿ, ಹರಿಯದಂತೆ ಬಿಡಿಸಿ ಸುತ್ತಿಟ್ಟಳು. ಅವು ಅಂಟಿದ್ದ ಜಾಗದಲ್ಲಿ ಸುಣ್ಣ ಎದ್ದು ಬಂದಿತ್ತು. ಕೆಲವು ದಿನ ಆ ಗೋಡೆಯನ್ನು ನೋಡುವುದು ನನಗೆ ಕಷ್ಟವಾಯಿತು. ಒಂದು ಸಂಜೆ ಆಕೆಯೇ ಕೇಳಿದಳು. "ಆ ಕ್ಲಾಸ್ ರೂಮಿನ ಕೆಲಸ ಬೇಕೇನ್ರಿ ನಿಮಗ?"

ಆಕೆ ಹಾಕಿದ್ದ ಲೆಕ್ಕ ನೆನಪಿತ್ತು. ಎಲ್ಲರೂ ಒಂದೇ ಮನೆ. "ಬೇಕು" ಎಂದೆ.

"ಖರೇನ?"

"ಖರೇನ. ಹೋಗಿ ಅಲ್ಲಿ ಕೆಲಸಾ ಬಿಡ್ತೀನಂತ ಹೇಳಿಬಿಡ್ತೀನಿ."

ಹೋದೆ. ಹೇಳಲಿಲ್ಲ. ಆಗ ನನ್ನ ಹತ್ತಿರ ದಿವ್ಯಾ ಎಂಬ ಹುಡುಗಿ ಕಲಿಯುತ್ತಿದ್ದಳು. ಇಳಿಸುವುದೊಂದು ಬಿಟ್ಟು ಎಲ್ಲವೂ ಬರುತ್ತಿತ್ತು. ಇವಳನ್ನು ಒಂಟಿಯಾಗಿ ಹಾರಿಸಿ ಆಮೇಲೆ ಹೇಳೋಣವೆಂದುಕೊಂಡೆ. ಸುವರ್ಣಾ ಫೋನಿನಲ್ಲಿ ಕೇಳುವಳು, "ಹೇಳಿದ್ರೇನ್ರಿ?" ನಾನು, "ಈ ಹುಡುಗೀದೊಂದು ಮುಗೀಲಿ" ಎನ್ನುವೆ. ಮುಂದಿನ ವಾರ ಮತ್ತದೇ. ಶಬಾನಾಳ ಕಡೆಯಿಂದಲೂ ಉತ್ತರ ಕೇಳಿ ಫೋನು ಬಂತು. ಕೊನೆಗೆ ಸುವರ್ಣಾ ಹೇಳಿದಳು. "ಬ್ಯಾಸಗಿ ರಜಾ ಬಿಟ್ಟೈತಿ. ನಾನ ಬರ್ತೀನಿ. ಅದೇನ್ ಅಂಥಾದ್ದೈತಿ ಅಲ್ಲಿ, ನೋಡೇಬಿಡೂಣು."

ಇಷ್ಟು ವರ್ಷಗಳಲ್ಲಿ ಆಕೆ ನಮ್ಮ ಶಾಲೆಗೆ ಬಂದದ್ದು ಅದೇ ಮೊದಲು. ನೋಡಲು ಅಲ್ಲಿ ಏನೂ ಇಲ್ಲವೆಂದು ನಾನೇ ಹೇಳುತ್ತ ಬಂದಿದ್ದೆ, ನಿಜವಾಗಿಯೂ ಇಲ್ಲ. ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ, ಅದರ ಕೆಳಗೊಂದು ಬೆಂಚು, ಮುಂದೆ ಕಾದ ರನ್‌ವೇ. ಆಕೆ ಬಂದ ಮರುದಿನ ಮುಂಜಾನೆ ಗಾಳಿ ಶಾಂತವಾಗಿತ್ತು. ದಿವ್ಯಾ ಮೂರು ಸಲ ಒಂದಾದ ಮೇಲೊಂದು ಚೊಕ್ಕವಾಗಿ ಇಳಿಸಿದಳು. ನಾನು ಬೆಲ್ಟು ಬಿಚ್ಚಿ, ಬಾಗಿಲು ತೆರೆದು ಕೆಳಗಿಳಿದೆ. ಅವಳ ಮುಖ, ಮೊದಲ ಸಲ ಒಬ್ಬಳೇ ಹಾರುವ ದಿನ ಅತ್ತಿದ್ದ ಶಬಾನಾಳ ಮುಖದಂತೆಯೇ ಆಯಿತು. "ಹೋಗು" ಎಂದು ಬಾಗಿಲು ಮುಚ್ಚಿದೆ. ನಮ್ಮ ಕೆಲಸದಲ್ಲಿ ಎಲ್ಲ ಪಾಠಗಳಾದ ಮೇಲೆ ಮಾಸ್ತರ ಮಾಡಬೇಕಾದದ್ದು ಇಷ್ಟೇ, ವಿಮಾನದಿಂದ ಇಳಿದುಬಿಡುವುದು.

ಇಳಿದ ಮೇಲೆ ಮಾಡಲು ಏನೂ ಇರುವುದಿಲ್ಲ. ರೇಡಿಯೋ ಹಿಡಿದು ಅಂಚಿನಲ್ಲಿ ನಿಲ್ಲುವುದು ಅಷ್ಟೇ. ಬಲಗಡೆಯ ಭಾರ ಇಳಿದದ್ದರಿಂದ ವಿಮಾನ ಬೇಗ ಮೇಲೆದ್ದಿತು. ಅದು ತಿರುಗಿದಾಗ ನಾನೂ ಆ ಕಡೆ ವಾಲಿದೆನಂತೆ. ಅದು ಇಳಿಯಲು ಬಂದಾಗ ನನ್ನ ಬಲಗೈ ಗಾಳಿಯಲ್ಲಿ ಹಿಡಿಕೆ ಹಿಡಿದಿತ್ತಂತೆ, ಕಾಲು ನೆಲವನ್ನು ಒತ್ತುತ್ತಿತ್ತಂತೆ. ನನಗೆ ಗೊತ್ತಾದದ್ದು ಒಂದೇ, ಗಾಲಿಗಳು ಒಮ್ಮೆ ಪುಟಿದು ಆಮೇಲೆ ನೆಲ ಕಚ್ಚಿದಾಗ ನನಗೆ ಉಸಿರು ಬಂತು. ಎಲ್ಲರೂ ಓಡಿ ಹೋದರು. ರೂಢಿಯಂತೆ ದಿವ್ಯಾಳ ತಲೆಯ ಮೇಲೆ ಬಕೀಟುಗಟ್ಟಲೆ ನೀರು ಸುರಿದರು. ಅವಳು ನಗುತ್ತ, ಅಳುತ್ತ, ತೊಯ್ದ ಬಟ್ಟೆಯಲ್ಲಿಯೇ ಬಂದು ನನ್ನ ಕಾಲು ಮುಟ್ಟಿ ನನ್ನ ಬೂಟನ್ನೂ ತೋಯಿಸಿದಳು.

ಗದ್ದಲ ಮುಗಿದ ಮೇಲೆ ಬೇವಿನ ಮರದ ಕಡೆ ನಡೆದೆ. ಸುವರ್ಣಾ ಬೆಂಚಿನ ಮೇಲೆ ಕುಳಿತಿದ್ದಳು. ಆಕೆ ವಿಮಾನ ನೋಡಿದಂತೆ ಕಾಣಲಿಲ್ಲ. ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳೆಂದು ತೋರುತ್ತದೆ. ನಾನು ಪಕ್ಕದಲ್ಲಿ ಕುಳಿತೆ.

"ಆ ಶಬಾನಾಗ ಇವತ್ತ ಫೋನ್ ಮಾಡಿ, ಬರೂದಿಲ್ಲಂತ ಹೇಳಿಬಿಡ್ರಿ" ಎಂದಳು. "ನಾನ ಈ ಕಡೆ ಯಾವುದಾದ್ರೂ ಸಾಲ್ಯಾಗ ಕೆಲಸ ಸಿಗತೈತೇನೋ ನೋಡ್ತೀನಿ. ಅತ್ತಿಯವರಿಗೆ ಬಿಸಿಲಿನ ರೂಢಿ ಐತಿ, ಬರ್ತಾರ."

ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕುತ್ತಿರುವಾಗ ಆಕೆಯೇ ಮುಂದುವರಿಸಿದಳು. "ಆದ್ರ ಒಂದು ಕೇಳ್ತೀನಿ. ಆ ಹುಡುಗಿ ಮ್ಯಾಲೆ ಇರೂತನಕ ನೀವು ಕಣ್ಣು ಮುಚ್ಚಲಿಲ್ಲ. ಲಗ್ನ ಆಗಿ ಇಷ್ಟ್ ವರ್ಷ ಆತು, ನನ್ನ ಒಂದು ದಿನಾನೂ ನೀವು ಹಂಗ ನೋಡಿಲ್ಲಲ್ರಿ?"

ಒಂಟಿ ಎಂಜಿನ್ನಿನ ಮೇಲೆ ವಿಮಾನ ಇಳಿಸುವ ಮನುಷ್ಯ ನಾನು, ಗಾಬರಿಯಾಗಬಾರದು ಎಂದು ಊರಿಗೆಲ್ಲ ಕಲಿಸುವವನು. ಮನಸ್ಸಿಗೆ ಬಂದದ್ದನ್ನು ಹೇಳಿಬಿಟ್ಟೆ. "ನೀ ಎಂದೂ ಬೀಳ್ತೀ ಅಂತ ನನಗ ಅನಿಸಿಲ್ಲ."

ಸುವರ್ಣಾ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಉತ್ತರ ಪತ್ರಿಕೆ ನೋಡುವಾಗ ಆಕೆಯ ಹುಬ್ಬುಗಳು ಹೀಗೇ ಹತ್ತಿರವಾಗುತ್ತವೆ. "ಇದು ಹೊಗಳಿದ್ದೋ, ಇಷ್ಟ್ ದಿನ ನೋಡದ ಇದ್ದದ್ದಕ್ಕ ನೆವ ಹೇಳಿದ್ದೋ, ವಿಚಾರ ಮಾಡಿ ಹೇಳ್ತೀನಿ" ಎಂದು ಎದ್ದು, ಸೆರಗಿನ ಮೇಲೆ ಬಿದ್ದಿದ್ದ ಬೇವಿನ ಎಲೆ ಝಾಡಿಸಿ, ದಿವ್ಯಾಳಿಗೆ ಟವೆಲು ಕೊಡಲು ಹೋದಳು.

ಆಕೆ ಇನ್ನೂ ವಿಚಾರ ಮಾಡುತ್ತಿದ್ದಾಳೆ. ನಾನು ಎಷ್ಟೋ ಜನರ ಪರೀಕ್ಷೆ ನೋಡಿದವನು, ಆದರೆ ಫಲಿತಾಂಶಕ್ಕಾಗಿ ಇಷ್ಟು ಕಾದವರನ್ನು ಕಂಡಿಲ್ಲ. ಸದ್ಯಕ್ಕೆ, ಊರಿಗೆ ಬಂದಾಗಲೆಲ್ಲ, ರೊಟ್ಟಿ ಬಡಿಯುವ ಆಕೆಯನ್ನು ಕಣ್ಣು ಮುಚ್ಚದೆ ನೋಡುವ ಅಭ್ಯಾಸ ಮಾಡುತ್ತಿದ್ದೇನೆ. ಹಾಗೆ ನೋಡುತ್ತ ಒಂದು ದಿನ, ರೊಟ್ಟಿಯನ್ನು ಹಂಚಿಗೆ ಹಾಕುವಾಗ ಕೈಯನ್ನು ಇನ್ನಷ್ಟು ಮೆತ್ತಗೆ ಇಳಿಸಬೇಕು ಎಂದು ಹೇಳಿಕೊಡಲು ಹೋದೆ. ಆಕೆ ಹಿಟ್ಟನ್ನು ನನ್ನ ಮುಂದೆ ಸರಿಸಿ ಎದ್ದಳು, ಅವತ್ತು ಊಟಕ್ಕೆ ಬಹಳ ತಡವಾಯಿತು.